ಬಾಗಿಲ ಚೀಟಿ ಓದದೆ ಟ್ರೇಲರ್ ಕೊಳ್ಳಬೇಡ



ಡೆನ್ವರಿನಿಂದ ನೀನು ಕಳಿಸಿದ ಫೋಟೊಗಳು ತಲುಪಿದವು. ಮಕ್ಕಳಿಗೆ ಬಂಕ್ ಇದೆ, ಅಡುಗೆಕಟ್ಟೆ ಅಚ್ಚುಕಟ್ಟಾಗಿದೆ, ಮನೆಯವರಿಗೆಲ್ಲ ಒಪ್ಪಿಗೆಯೂ ಆಗಿದೆ. ಟ್ರೇಲರಿನ ಖಾಲಿ ತೂಕ 5,800 ಪೌಂಡ್, ನಮ್ಮ ಟ್ರಕ್ಕು 11,000 ಎಳೆಯುತ್ತೆ, ಇನ್ನೇನು ಯೋಚನೆ ಅಂತ ಬರೆದಿದ್ದೀಯ. ಯೋಚನೆ ಮಾಡಬೇಕಾದದ್ದೇ ಅಲ್ಲಿ.

ಆ 11,000 ಸುಳ್ಳಲ್ಲ. ಎಸ್‌ಎಇ ಜೆ2807 ಅಂತ ಒಂದು ಮಾನದಂಡವಿದೆ; ಅದರ ಪ್ರಕಾರ ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು ಬಿಸಿಲಲ್ಲಿ ಏಸಿ ಪೂರ್ತಿ ಹಾಕಿಕೊಂಡು ಹತ್ತಿಸಿ ನೋಡುತ್ತಾರೆ. ಆದರೆ ಆ ಲೆಕ್ಕದ ಟ್ರಕ್ಕಿನಲ್ಲಿ ಕೂತಿರುವವರು ತಲಾ 150 ಪೌಂಡಿನ ಇಬ್ಬರೇ. ನಿನ್ನ ಮಕ್ಕಳಿಲ್ಲ, ಕೂಲರ್ ಇಲ್ಲ, ಜನರೇಟರ್ ಇಲ್ಲ.

ಈಗ ಡ್ರೈವರ್ ಬಾಗಿಲು ತೆಗಿ. ಪಕ್ಕದ ಕಂಬಕ್ಕೆ ಅಂಟಿಸಿದ, ಹಳದಿ ಪಟ್ಟೆಯ ಚೀಟಿಯಲ್ಲಿ ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಕೂಡದು ಅಂತ ಬರೆದಿರುತ್ತೆ. ಅದೇ ಪೇಲೋಡ್. ಬ್ರೋಶರಿನ ಅಂಕಿ ಇಡೀ ಮಾಡೆಲಿನದು, ಚೀಟಿಯದು ನಿನ್ನ ಗಾಡಿಯೊಂದರದು. ಸನ್‌ರೂಫು, ದೊಡ್ಡ ಚಕ್ರ ಅಂತ ಮೇಲುದರ್ಜೆಯ ಗಾಡಿ ಕೊಂಡಷ್ಟೂ ಅಲ್ಲಿಯ ಅಂಕಿ ಇಳಿಯುತ್ತೆ.

ಹಾಫ್-ಟನ್ ಟ್ರಕ್ಕು ತಾನೆ ನಿನ್ನದು? ಚೀಟಿಯಲ್ಲಿ 1,500 ಇದೆ ಅಂತಿಟ್ಟುಕೊ. ನೀವು ನಾಲ್ವರು 600. ಟ್ರೇಲರ್ ಜೋಡಿಸುವ ಹಿಚ್ಚಿನ ತೂಕವೇ 100. ಹಿಂದೆ ತುಂಬುವ ಸಾಮಾನು 200. ಉಳಿದದ್ದು 600. ಟ್ರೇಲರು ತನ್ನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲನ್ನು ಟ್ರಕ್ಕಿನ ಹಿಂಭಾಗದ ಮೇಲೆ ಹೊರಿಸುತ್ತೆ. ಅದಕ್ಕೆ ಟಂಗ್ ವೇಟ್ ಅಂತಾರೆ. ಹದಿಮೂರು ಪಾಲು ಹಿಡಿದರೂ 600 ಪೌಂಡಿಗೆ ಸರಿಹೋಗುವುದು 4,600 ಪೌಂಡಿನ ಟ್ರೇಲರು. 11,000 ಎಲ್ಲಿ, 4,600 ಎಲ್ಲಿ!

ಅದೂ ತುಂಬಿದ ತೂಕ. 40 ಗ್ಯಾಲನ್ ನೀರಿಗೇ 330 ಪೌಂಡು. ಪಾತ್ರೆ, ಹಾಸಿಗೆ, ಬ್ಯಾಟರಿ, ನಿಮ್ಮನೆಯ ಅಕ್ಕಿ ಮೂಟೆ ಬೇರೆ. ಖಾಲಿ ತೂಕದಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ. ಟ್ರೇಲರಿನ ಮೇಲೆ ಬರೆದ ಗರಿಷ್ಠ ತೂಕವನ್ನೇ ಲೆಕ್ಕಕ್ಕೆ ಹಿಡಿ. ನೀನು ಮೆಚ್ಚಿದ್ದರದು 7,600 ಅಲ್ಲವೆ? ಟಂಗ್ ವೇಟ್ ಒಂದೇ ಸಾವಿರದ ಹತ್ತಿರ ಬಂತು.

ಹಾಗಾದರೆ ಸಾಮಾನೆಲ್ಲ ಹಿಂದಕ್ಕೆ ತಳ್ಳಿ ಮುಂಭಾರ ಇಳಿಸೋಣ ಅಂತ ಮಾತ್ರ ಹೊರಡಬೇಡ. ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೇ ಬರುತ್ತೆ; ಇಲ್ಲಿ ಹಿಂಭಾರವಾದ ಟ್ರೇಲರು ವೇಗದಲ್ಲಿ ಬಾಲ ಬೀಸತೊಡಗಿ ಟ್ರಕ್ಕನ್ನೇ ಅತ್ತಿತ್ತ ಎಳೆದಾಡುತ್ತೆ. ಎಂದಾದರೂ ಹಾಗಾದರೆ ಬ್ರೇಕ್ ಪೆಡಲನ್ನು ಒತ್ತಬೇಡ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ಕೈಯಿಂದ ಬ್ರೇಕ್ ಕಂಟ್ರೋಲರ್ ಅದುಮಿ ಟ್ರೇಲರಿನ ಬ್ರೇಕನ್ನಷ್ಟೇ ಹಾಕು.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಮಾರುವವರು ಹೇಳಿಯೇ ಹೇಳುತ್ತಾರೆ. ಹಾಕಿಸು, ಒಳ್ಳೆಯದೇ. ಭಾರವನ್ನು ಮುಂದಿನ ಚಕ್ರಗಳಿಗೂ ಟ್ರೇಲರಿನ ಚಕ್ರಗಳಿಗೂ ಹಂಚುತ್ತೆ. ಬಾಗಿಲ ಚೀಟಿಯ ಅಂಕಿಯನ್ನು ಮಾತ್ರ ಅದು ಏರಿಸುವುದಿಲ್ಲ.

ಪ್ರವಾಸಕ್ಕೆಂದು ಮೋಆಬಿಗೆ ಹೋಗಬೇಕೆಂದರೆ ನೀವು ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ದಾಟಬೇಕು. 11,000 ಅಡಿ ಎತ್ತರ. ಟರ್ಬೊ ಇಲ್ಲದ ಎಂಜಿನು ಸಾವಿರ ಅಡಿಗೆ ನೂರಕ್ಕೆ ಸುಮಾರು 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಏರಿಗೆ ನಾನು ಹೆದರುವುದಿಲ್ಲ. ನಿಧಾನವಾದರೆ ಹಿಂದಿನವರು ಬೈಯುತ್ತಾರೆ, ಅಷ್ಟೆ. ಇಳಿಜಾರು ಹಾಗಲ್ಲ. ಬ್ರೇಕು ಕೈಕೊಟ್ಟ ಲಾರಿಗಳಿಗೆಂದೇ ಅಲ್ಲಿ ಪಕ್ಕಕ್ಕೆ ಜಲ್ಲಿಯ ದಾರಿಗಳನ್ನು ಮಾಡಿಟ್ಟಿದ್ದಾರೆ. ಇಳಿಯುವ ಮೊದಲೇ, ಭಾರ ಎಳೆಯುವಾಗಿನ ಟೋ-ಹಾಲ್ ಮೋಡ್ ಹಾಕಿ ಕೆಳಗಿನ ಗೇರಿಗೆ ಬಾ.

ಈ ಶನಿವಾರ ಟ್ಯಾಂಕ್ ತುಂಬಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಹತ್ತಿರದ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲಿಗೆ ಹೋಗು. ಮುಂದಿನ, ಹಿಂದಿನ ಆ್ಯಕ್ಸಲ್ಲುಗಳ ತೂಕವನ್ನು ಬೇರೆಬೇರೆಯಾಗಿ ಬರೆದು ಕೊಡುತ್ತಾರೆ. ಆ ಚೀಟಿ, ಬಾಗಿಲ ಚೀಟಿ ಎರಡರ ಫೋಟೊವನ್ನೂ ನನಗೆ ಕಳಿಸು. ಚಿಕ್ಕ ಟ್ರೇಲರು ನೋಡುವುದೋ, ಮುಕ್ಕಾಲು ಟನ್ನಿನ ಟ್ರಕ್ಕು ನೋಡುವುದೋ ಆಮೇಲೆ ಮಾತಾಡೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಇಂತಿ,
ನಿನ್ನ ದೊಡ್ಡಪ್ಪ