ಬಡಾವಣೆಗೆ ಬಾರ್ ಬಂದರೆ: ತಕರಾರು ನಿಲ್ಲುವುದು ಎಲ್ಲಿ?

ಊರಿನಲ್ಲಿ ಹೊಸ ಬಾರ್ ಬರುತ್ತದೆಂಬ ಸುದ್ದಿ ಹಬ್ಬಿದ ಕೂಡಲೇ ಮನವಿ ಪತ್ರ ತಯಾರಾಗುತ್ತದೆ. ಅದರಲ್ಲಿ ಇರುವುದು ಬಹುತೇಕ ಒಂದೇ ಮಾತು: ಇದು ಮರ್ಯಾದಸ್ಥರು ವಾಸಿಸುವ ಜಾಗ, ಮಕ್ಕಳು ಹಾಳಾಗುತ್ತಾರೆ. ಆತಂಕ ಸುಳ್ಳಲ್ಲ. ಆದರೆ ಸನ್ನದು ಕೊಡುವ ಅಧಿಕಾರಿ ಅಳೆಯುವುದು ಊರಿನ ಮರ್ಯಾದೆಯನ್ನಲ್ಲ; ದೂರ, ದಾಖಲೆ ಮತ್ತು ಷರತ್ತುಗಳನ್ನು. ತಕರಾರು ಗೆಲ್ಲಬೇಕಾದರೆ ಅದೇ ಭಾಷೆಯಲ್ಲಿ ಬರೆಯಬೇಕು.

ನೂರು ಮೀಟರ್ ನಿಯಮ

ಕರ್ನಾಟಕದಲ್ಲಿ ಮದ್ಯ ಮಾರಾಟಕ್ಕೆ ಸನ್ನದು ಕೊಡುವುದು ಅಬಕಾರಿ ಇಲಾಖೆ, ಪಂಚಾಯಿತಿ ಅಥವಾ ನಗರಸಭೆಯಲ್ಲ. 1967ರ ಕರ್ನಾಟಕ ಅಬಕಾರಿ ಸನ್ನದುಗಳ (ಸಾಮಾನ್ಯ ಷರತ್ತುಗಳು) ನಿಯಮಗಳ 5ನೇ ನಿಯಮದ ಪ್ರಕಾರ ಶಾಲೆ, ದೇವಸ್ಥಾನ, ಮಸೀದಿ, ಚರ್ಚ್, ಆಸ್ಪತ್ರೆ ಮತ್ತು ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಜಾಗ ಆರಿಸುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ಹೆಚ್ಚಾಗಿ ವಾಸಿಸುವ ಪ್ರದೇಶಕ್ಕೂ ರಕ್ಷಣೆಯಿದೆ. ಕೆಲವು ಬಗೆಯ ಸನ್ನದುಗಳಿಗೆ ವಿನಾಯಿತಿ ಇರುವುದರಿಂದ, ಬರುತ್ತಿರುವುದು ಚಿಲ್ಲರೆ ಅಂಗಡಿಯ ಸಿಎಲ್-2, ವಸತಿಗೃಹದ ಸಿಎಲ್-7, ಬಾರ್‌ನ ಸಿಎಲ್-9 ಇವುಗಳಲ್ಲಿ ಯಾವುದು ಎಂದು ಮೊದಲೇ ತಿಳಿದುಕೊಳ್ಳಿ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಮೊಬೈಲ್ ನಕ್ಷೆಯಲ್ಲಿ ನೇರ ಗೆರೆ ಎಳೆದು 80 ಮೀಟರ್ ಎಂದು ವಾದಿಸಿದರೆ ಪ್ರಯೋಜನವಿಲ್ಲ. ಅಂಗಡಿಯ ಬಾಗಿಲಿನ ನಡುಬಿಂದುವಿನಿಂದ, ಕಾಲ್ನಡಿಗೆಯವರು ಸಾಮಾನ್ಯವಾಗಿ ಓಡಾಡುವ ಹತ್ತಿರದ ದಾರಿ ಹಿಡಿದು, ಶಾಲೆಗೆ ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ನಡುಬಿಂದುವಿನವರೆಗೆ ಅಳೆಯಬೇಕು. ಕಾಂಪೌಂಡ್ ಇಲ್ಲದಿದ್ದರೆ ಕಟ್ಟಡದ ಬಾಗಿಲಿನವರೆಗೆ. ಟೇಪು ಹಿಡಿದು, ಫೋಟೊ ತೆಗೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಶಾಲೆ ಮೊದಲೋ ಬಾರ್ ಮೊದಲೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಶಾಲೆಯ ಮಾನ್ಯತೆ ಪತ್ರದ ಪ್ರತಿ ಜೊತೆಗಿರಲಿ.

ಏನು ಮಾಡಬೇಕು?

1. ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ಲಿಖಿತ ತಕರಾರು ಕೊಡಿ, ಜಿಲ್ಲಾಧಿಕಾರಿಗೆ ಪ್ರತಿ ಸಲ್ಲಿಸಿ. ಸ್ವೀಕೃತಿ ಮುದ್ರೆ ಇಲ್ಲದೆ ಟಪಾಲು ವಿಭಾಗದಿಂದ ಹೊರಬರಬೇಡಿ. ಲಿಖಿತ ಹಿಂಬರಹ ಕೇಳಿ.

2. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಸ್ಥಳ ತನಿಖಾ ವರದಿ, ಅಳತೆಯ ನಕಾಶೆ ಮತ್ತು ಸನ್ನದಿನ ಪ್ರತಿ ಕೇಳಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಲಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ ಅವಕಾಶವಿದೆ.

3. ಕಟ್ಟಡ ವಾಸಕ್ಕೆಂದು ಅನುಮತಿ ಪಡೆದದ್ದೋ, ವಾಣಿಜ್ಯಕ್ಕೋ? ಸ್ಥಳೀಯ ಸಂಸ್ಥೆಯಲ್ಲಿ ಇದನ್ನು ವಿಚಾರಿಸಿ. ಗ್ರಾಮಸಭೆಯ ನಿರ್ಣಯವೊಂದರಿಂದಲೇ ಸನ್ನದು ರದ್ದಾಗುವುದಿಲ್ಲ, ಆದರೆ ಕಡತದಲ್ಲಿ ಅದು ಸೇರಿರುವುದು ಒಳ್ಳೆಯದು.

4. ಬಾರ್ ಈಗಾಗಲೇ ನಡೆಯುತ್ತಿದ್ದು ಗಲಾಟೆ, ಗಲೀಜು ಮಿತಿಮೀರಿದ್ದರೆ ದಿನಾಂಕವಾರು ಪಟ್ಟಿ ಬರೆದಿಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಳೆಯ ಸಿಆರ್‌ಪಿಸಿ 133) ಉಪವಿಭಾಗಾಧಿಕಾರಿಗೆ ಸಾರ್ವಜನಿಕ ಉಪದ್ರವ ತಡೆಯುವ ಅಧಿಕಾರವಿದೆ. ವಾಸದ ಪ್ರದೇಶದಲ್ಲಿ ರಾತ್ರಿ 10ರ ನಂತರ ಶಬ್ದದ ಮಿತಿ 45 ಡೆಸಿಬಲ್. ಆ ಕ್ಷಣದ ತೊಂದರೆಗೆ 112ಕ್ಕೆ ಕರೆ ಮಾಡಿ.

5. ಇಷ್ಟಾದರೂ ನಿಯಮೋಲ್ಲಂಘನೆ ಸರಿಯಾಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ದಾರಿ ಇದೆ.

ನೈತಿಕತೆಯ ಹೆಸರಿನಲ್ಲಿ ಎಷ್ಟು ದೂರ?

ಬೆಂಗಳೂರಿನ ಲೈವ್ ಬ್ಯಾಂಡ್, ಡಿಸ್ಕೊ, ಕ್ಯಾಬರೆಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಸುರಕ್ಷತೆ, ಸುವ್ಯವಸ್ಥೆಗಾಗಿ ನಿಯಂತ್ರಿಸುವುದು ತಪ್ಪಲ್ಲ ಎಂಬುದು ಅಲ್ಲಿನ ತಿರುಳು. ಆದರೆ ಮರುವರ್ಷದ ಜನವರಿಯಲ್ಲಿ ಮಹಾರಾಷ್ಟ್ರದ ಡ್ಯಾನ್ಸ್ ಬಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹಲವು ಷರತ್ತುಗಳನ್ನು ಹೊಡೆದುಹಾಕಿತು. ಶಾಲೆ, ಪ್ರಾರ್ಥನಾ ಸ್ಥಳಗಳಿಂದ 1 ಕಿಲೋಮೀಟರ್ ದೂರವಿರಬೇಕೆಂಬ ಷರತ್ತು ಅದರಲ್ಲೊಂದು. ಮುಂಬೈಯಂಥ ನಗರದಲ್ಲಿ ಅಂಥ ಜಾಗವೇ ಸಿಗುವುದಿಲ್ಲ. ಅಂದಮೇಲೆ ಅದು ನಿಯಂತ್ರಣವಲ್ಲ, ಹಿಂಬಾಗಿಲಿನ ನಿಷೇಧ. ಸಂಜೆ 6ರಿಂದ ರಾತ್ರಿ 11.30ರ ಸಮಯಮಿತಿ, ನರ್ತಕಿಯರ ಮೇಲೆ ನೋಟು ಎರಚುವುದಕ್ಕೆ ತಡೆ ಮೊದಲಾದವು ಉಳಿದವು. ಸರ್ಕಾರ ತನ್ನ ನೈತಿಕ ಕಲ್ಪನೆಯನ್ನು ಸಮಾಜದ ಮೇಲೆ ಹೇರುವಂತಿಲ್ಲ ಎಂದೂ ನ್ಯಾಯಾಲಯ ಎಚ್ಚರಿಸಿತು.

ಸರ್ಕಾರಕ್ಕೇ ಇಲ್ಲದ ಅಧಿಕಾರ ಬೀದಿಯ ಗುಂಪಿಗೆ ಇರಲು ಸಾಧ್ಯವಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಯುವತಿಯರನ್ನು ಹೊಡೆದದ್ದು ಸಂಸ್ಕೃತಿ ರಕ್ಷಣೆಯಲ್ಲ, ಹಲ್ಲೆ. ಬಾಗಿಲು ಒಡೆದರೆ, ಗ್ರಾಹಕರನ್ನು ತಡೆದರೆ ಆರೋಪಿ ಸ್ಥಾನದಲ್ಲಿ ನಿಲ್ಲುವವರು ನೀವೇ. ನ್ಯಾಯವಾದ ತಕರಾರೂ ಅಲ್ಲಿಗೆ ಬಿದ್ದುಹೋಗುತ್ತದೆ. ಊರಿಗೆ ಊರೇ ಸಹಿ ಹಾಕಿದ ಮನವಿಗಿಂತ, 92 ಮೀಟರ್ ಎಂದು ತೋರಿಸುವ ಒಂದು ಮಹಜರು ಅಧಿಕಾರಿಯನ್ನು ಹೆಚ್ಚು ಕಟ್ಟಿಹಾಕುತ್ತದೆ.