ಕಬ್ಬಿನ ಹಂಗಾಮು ಮತ್ತು ಮೂರು ತಿಂಗಳ ಲಾಭ: ಮಧ್ಯಂತರ ಕ್ರೋಡೀಕೃತ ತಖ್ತೆಗಳ ಲೆಕ್ಕಪತ್ರ ನೀತಿಗಳು

ಕೆಲವು ವರ್ಷಗಳ ಹಿಂದೆ ಕೃಷ್ಣರಾಜಪೇಟೆಯ ಚೀಲದ ವರ್ತಕರೊಬ್ಬರು ದಿನಪತ್ರಿಕೆಯ ಒಂದು ತುಣುಕನ್ನು ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಜಿಲ್ಲೆಯ ಹೊರಗಿನ ಒಂದು ಸಕ್ಕರೆ ಕಂಪನಿ ಅವರಿಂದ ಚೀಲಗಳನ್ನು ತೊಂಬತ್ತು ದಿನಗಳ ಉದ್ದರಿಗೆ ಕೇಳಿತ್ತು. ತುಣುಕಿನಲ್ಲಿ ಆ ಕಂಪನಿಯ ತ್ರೈಮಾಸಿಕ ಫಲಿತಾಂಶ ಎರಡು ಸಾಲುಗಳಲ್ಲಿ ಅಚ್ಚಾಗಿತ್ತು. "ಪ್ರತ್ಯೇಕ" ಎಂಬ ಸಾಲಿನಲ್ಲಿ ನಷ್ಟ, "ಕ್ರೋಡೀಕೃತ" ಎಂಬ ಸಾಲಿನಲ್ಲಿ ಒಳ್ಳೆಯ ಲಾಭ. "ಎರಡರಲ್ಲಿ ಯಾವುದು ನಿಜ ಸ್ವಾಮಿ?" ಎಂಬುದು ಅವರ ಪ್ರಶ್ನೆ. ಎರಡೂ ನಿಜ ಎಂದು ನಾನು ಹೇಳಿದಾಗ ಅವರಿಗೆ ಸಮಾಧಾನವಾಗಲಿಲ್ಲ. ಮೊದಲ ಕಂತಿನ ಸರಕನ್ನು ಅವರು ಆಗಲೇ ಕಳುಹಿಸಿಯಾಗಿತ್ತು.

ಈ ಪ್ರಶ್ನೆ ನಮ್ಮ ಸದಸ್ಯರಲ್ಲಿ ಅನೇಕರನ್ನು ಕಾಡುವಂಥದ್ದಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹಣಕಾಸು ವರ್ಷಕ್ಕಿಂತ ಕಡಮೆ ಅವಧಿಗೆ, ಸಾಮಾನ್ಯವಾಗಿ ಮೂರು ತಿಂಗಳಿಗೆ ಅಥವಾ ಆರು ತಿಂಗಳಿಗೆ ಸಿದ್ಧಪಡಿಸುವುದು ಮಧ್ಯಂತರ ತಖ್ತೆ. ಮಾತೃಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳನ್ನು ಒಂದೇ ಕುಟುಂಬವೆಂದು ಭಾವಿಸಿ ಸಿದ್ಧಪಡಿಸುವುದು ಕ್ರೋಡೀಕೃತ ತಖ್ತೆ. ನಮ್ಮ ಸನದು ಲೆಕ್ಕಪರಿಶೋಧಕರ ಸಂಸ್ಥೆ ಕ್ರೋಡೀಕರಣಕ್ಕೆ 21ನೆಯ ಲೆಕ್ಕಪತ್ರ ಮಾನಕವನ್ನು 2001ರಲ್ಲಿಯೂ, ಮಧ್ಯಂತರ ವರದಿಗೆ 25ನೆಯ ಮಾನಕವನ್ನು 2002ರಲ್ಲಿಯೂ ಹೊರಡಿಸಿತು. ದೊಡ್ಡ ಕಂಪನಿಗಳಿಗೆ ಈಗ ಅವುಗಳ ಸ್ಥಾನದಲ್ಲಿ ಇಂಡ್ ಎಎಸ್ 110 ಮತ್ತು 34 ಅನ್ವಯವಾಗುತ್ತವೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ, ವರ್ಷಾಂತ್ಯದ್ದನ್ನು 60 ದಿನಗಳೊಳಗೆ ಸಲ್ಲಿಸಬೇಕು. ಅಂಗಸಂಸ್ಥೆಗಳಿರುವ ಕಂಪನಿಗಳು ಪ್ರತಿ ತ್ರೈಮಾಸಿಕಕ್ಕೂ ಕ್ರೋಡೀಕೃತ ಅಂಕಿಗಳನ್ನು ಕೊಡಬೇಕೆಂಬುದು 2019ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಈ ಅಂಕಿಗಳಿಗೆ ನಡೆಯುವುದು ಬಹುಮಟ್ಟಿಗೆ ಪರಿಮಿತ ಪರಿಶೀಲನೆಯೇ ಹೊರತು ಪೂರ್ಣ ಲೆಕ್ಕಪರಿಶೋಧನೆಯಲ್ಲ. ಮಾರ್ಚ್ ತ್ರೈಮಾಸಿಕದ ಅಂಕಿಯಂತೂ ಇಡೀ ವರ್ಷದ ಲೆಕ್ಕದಿಂದ ಮೊದಲ ಒಂಬತ್ತು ತಿಂಗಳ ಲೆಕ್ಕವನ್ನು ಕಳೆದು ಉಳಿದ ಶೇಷ.

ನೀತಿಯ ವಿಷಯದಲ್ಲಿ ಮೂಲ ನಿಯಮ ಸರಳವಾಗಿದೆ. ವಾರ್ಷಿಕ ತಖ್ತೆಗೆ ಅನುಸರಿಸುವ ಲೆಕ್ಕಪತ್ರ ನೀತಿಗಳನ್ನೇ ಮಧ್ಯಂತರ ತಖ್ತೆಗೂ ಅನುಸರಿಸಬೇಕು. ವರ್ಷಕ್ಕೊಂದು ನೀತಿ, ತ್ರೈಮಾಸಿಕಕ್ಕೊಂದು ನೀತಿ ಸಲ್ಲದು. ಓದಲು ಸುಲಭವಾದ ಈ ಮಾತು ನಮ್ಮ ಸೀಮೆಯ ಉದ್ಯಮಗಳಿಗೆ ಬಂದಾಗ ಇಕ್ಕಟ್ಟಾಗುತ್ತದೆ. ಕಾರಣ, ಇಲ್ಲಿ ದುಡಿಮೆಯೆಲ್ಲ ಹಂಗಾಮಿನದು.

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 1847ರಲ್ಲಿಯೇ ರೈತರ ಬೆಲ್ಲವನ್ನು ಕೊಂಡು ಸಕ್ಕರೆಯಾಗಿ ಶುದ್ಧೀಕರಿಸುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪಿತವಾಗಿತ್ತು. 1851ರ ಲಂಡನ್ ಪ್ರದರ್ಶನದಲ್ಲಿ ಅದರ ಸಕ್ಕರೆಗೆ ಬಹುಮಾನವೂ ಬಂದಿತ್ತು. ಅಂದಿನಿಂದ ಇಂದಿನವರೆಗೂ ಈ ಭಾಗದ ಸಕ್ಕರೆಯ ಲೆಕ್ಕ ಕಬ್ಬಿನ ಲೆಕ್ಕವೇ. ಉತ್ತರ ಕರ್ನಾಟಕದಲ್ಲಿ ಅಕ್ಟೋಬರ್ ನವೆಂಬರಿನಲ್ಲಿ ಕಬ್ಬು ಅರೆಯಲು ಆರಂಭಿಸಿದರೆ, ಮಂಡ್ಯದ ಕಡೆಯ ಕಾರ್ಖಾನೆಗಳು ಸಾಮಾನ್ಯವಾಗಿ ಜುಲೈ ಸುಮಾರಿಗೇ ಆರಂಭಿಸುತ್ತವೆ. ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗಿನ ಮೊದಲ ತ್ರೈಮಾಸಿಕವು ಬಹುಪಾಲು ಗಾಣ ನಿಂತಿರುವ ಕಾಲ. ಆದರೆ ಖಾಯಂ ನೌಕರರ ಸಂಬಳ ನಿಲ್ಲುವುದಿಲ್ಲ. ರೋಲರು, ಬಾಯ್ಲರುಗಳ ದುರಸ್ತಿ ನಡೆಯುವುದೂ ಆಗಲೇ.

ಒಂದು ಊಹೆಯ ಉದಾಹರಣೆಯನ್ನು ನೋಡೋಣ. ಒಂದು ಸಕ್ಕರೆ ಕಂಪನಿ. ಅದಕ್ಕೆ ಪೂರ್ಣ ಒಡೆತನದ ಒಂದು ಡಿಸ್ಟಿಲರಿ ಅಂಗಸಂಸ್ಥೆ. ಜೂನ್ ತ್ರೈಮಾಸಿಕದಲ್ಲಿ ಸಕ್ಕರೆ ಕಂಪನಿ ಹಳೆಯ ದಾಸ್ತಾನನ್ನು ಮಾರಿ ₹2 ಕೋಟಿ ಮಿಗಿಸಿದೆ. ಹಂಗಾಮಿಲ್ಲದ ಕಾಲದ ವೆಚ್ಚ ₹6 ಕೋಟಿ. ಡಿಸ್ಟಿಲರಿಯ ಲಾಭ ₹5 ಕೋಟಿ. ವೆಚ್ಚವನ್ನು ಆ ತ್ರೈಮಾಸಿಕದಲ್ಲಿಯೇ ಬರೆದರೆ ಸಕ್ಕರೆ ಕಂಪನಿಗೆ ₹4 ಕೋಟಿ ನಷ್ಟ, ಸಮೂಹಕ್ಕೆ ₹1 ಕೋಟಿ ಲಾಭ. ಅದೇ ₹6 ಕೋಟಿಯನ್ನು "ಮುಂದಿನ ತಿಂಗಳುಗಳಲ್ಲಿ ತಯಾರಾಗುವ ಸಕ್ಕರೆಯ ವೆಚ್ಚ" ಎಂದು ಮುಂದೂಡಿದರೆ ಸಕ್ಕರೆ ಕಂಪನಿಗೆ ₹2 ಕೋಟಿ ಲಾಭ, ಸಮೂಹಕ್ಕೆ ₹7 ಕೋಟಿ ಲಾಭ. ವರ್ಷದ ಕೊನೆಗೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಆದರೆ ಆಗಸ್ಟ್ ತಿಂಗಳಲ್ಲಿ ಪತ್ರಿಕೆ ಓದಿ ಉದ್ದರಿ ಕೊಡುವ ವರ್ತಕನಿಗೆ ಒಂದು ಕೋಟಿಗೂ ಏಳು ಕೋಟಿಗೂ ಇರುವ ಅಂತರ ಸಣ್ಣದಲ್ಲ.

ಹೀಗೆ ಮುಂದೂಡುವುದನ್ನು ದೇಶದ ಹಲವು ಸಕ್ಕರೆ ಕಂಪನಿಗಳು ಬಹುಕಾಲ ರೂಢಿಯಾಗಿಟ್ಟುಕೊಂಡು, ಫಲಿತಾಂಶದ ಅಡಿಟಿಪ್ಪಣಿಯಲ್ಲಿ ಹೇಳುತ್ತಿದ್ದವು. ದುರಸ್ತಿಯಿಲ್ಲದೆ ಮುಂದಿನ ಅರೆಯುವಿಕೆ ಇಲ್ಲ, ಆದುದರಿಂದ ಅದು ಮುಂದಿನ ಸಕ್ಕರೆಯದೇ ವೆಚ್ಚ ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕಾರ್ಖಾನೆಯ ಒಳಗಿನ ನಿರ್ವಹಣಾ ವರದಿಗೆ ಅದು ಸೊಗಸಾದ ಪದ್ಧತಿಯೇ. ಆದರೆ ಮಾನಕದ ಒರೆಗಲ್ಲು ಬೇರೆ: ವರ್ಷಾಂತ್ಯದ ಅಢಾವೆ ಪತ್ರಿಕೆಯಲ್ಲಿ ಅಂಥ ವೆಚ್ಚವನ್ನು ಮುಂದೂಡಲು ಅವಕಾಶವಿದ್ದರೆ ಮಾತ್ರ ಮಧ್ಯಂತರದಲ್ಲಿಯೂ ಮುಂದೂಡಬಹುದು. ಮಾರ್ಚ್ 31ಕ್ಕೆ ಗಾಣ ನಿಂತಿದ್ದು ದುರಸ್ತಿ ನಡೆದಿದ್ದರೆ ಆ ಕೂಲಿಯನ್ನು ಆಸ್ತಿಯೆಂದು ತೋರಿಸಲಾಗದು. ಹಾಗಿದ್ದ ಮೇಲೆ ಜೂನ್ 30ಕ್ಕೂ ತೋರಿಸಲಾಗದೆಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. ಆದಾಯದ ವಿಷಯದಲ್ಲಿಯೂ ಇದೇ ನಿಯಮ: ಹಂಗಾಮಿನ ಆದಾಯವನ್ನು ಮುಂಚಿತವಾಗಿ ಎಳೆದುಕೊಳ್ಳಬಾರದು, ಹಿಂದಕ್ಕೆ ತಳ್ಳಲೂಬಾರದು. ಏರಿಳಿತ ಇದ್ದಂತೆಯೇ ಕಾಣಲಿ. ಹಂಗಾಮಿನ ಸ್ವರೂಪವನ್ನು ಟಿಪ್ಪಣಿಯಲ್ಲಿ ವಿವರಿಸಿದರೆ ಸಾಕು.

ದಾಸ್ತಾನಿನ ಬಗ್ಗೆ ಎರಡು ಮಾತು. ಸ್ಥಿರ ಉತ್ಪಾದನಾ ವೆಚ್ಚವನ್ನು ಸಕ್ಕರೆಯ ಮೇಲೆ ಹಂಚುವಾಗ ಸಾಮಾನ್ಯ ಸಾಮರ್ಥ್ಯವನ್ನು ಆಧಾರವಾಗಿಟ್ಟುಕೊಳ್ಳಬೇಕು. 2023ರಂತಹ ಬರದ ವರ್ಷದಲ್ಲಿ ಕಬ್ಬು ಸಾಲದೆ ಗಾಣ ಅರ್ಧ ದಿನ ನಿಂತರೆ, ಆ ವ್ಯರ್ಥ ವೆಚ್ಚವನ್ನು ಇರುವ ನಾಲ್ಕು ಮೂಟೆಯ ಮೇಲೆ ಹೇರಿ ದಾಸ್ತಾನನ್ನು ಉಬ್ಬಿಸುವಂತಿಲ್ಲ. ತ್ರೈಮಾಸಿಕದ ಕೊನೆಗೆ ಮಾರುಕಟ್ಟೆ ದರ ವೆಚ್ಚಕ್ಕಿಂತ ಕೆಳಗಿಳಿದಿದ್ದರೆ, ಮುಂದೆ ಏರಬಹುದೆಂಬ ನಿರೀಕ್ಷೆಯಲ್ಲಿ ಕಾಯದೆ ಅಂದೇ ಇಳಿಸಿ ಬರೆಯಬೇಕು. ಏರಿದಾಗ ಮುಂದಿನ ತ್ರೈಮಾಸಿಕದಲ್ಲಿ ಹಿಂದಿರುಗಿಸಿಕೊಳ್ಳಬಹುದು.

ಕಬ್ಬಿನ ದರವೂ ಹೀಗೆಯೇ ಸೂಕ್ಷ್ಮ. 2025-26ರ ಹಂಗಾಮಿಗೆ ಕೇಂದ್ರದ ನ್ಯಾಯಯುತ ಮತ್ತು ಲಾಭದಾಯಕ ದರ, ಶೇ. 10.25 ಇಳುವರಿಗೆ, ಕ್ವಿಂಟಲಿಗೆ ₹355. ಆದರೂ 2025ರ ನವೆಂಬರಿನಲ್ಲಿ ಬೆಳಗಾವಿ ಭಾಗದ ರೈತರ ಹೋರಾಟದ ನಂತರ ರಾಜ್ಯ ಸರ್ಕಾರ ಟನ್ನಿಗೆ ₹3,300ರ ದರವನ್ನು ಪ್ರಕಟಿಸಿತು. ಒಂದು ತ್ರೈಮಾಸಿಕದ ಫಲಿತಾಂಶ ಹೊರಬಿದ್ದ ಮೇಲೆ, ಆಗಲೇ ಅರೆದ ಕಬ್ಬಿಗೂ ದರ ಹೆಚ್ಚಿಸುವ ಹೊಣೆ ಬಂದರೆ, ಹಿಂದಿನ ತ್ರೈಮಾಸಿಕವನ್ನು ತಿದ್ದುವುದಿಲ್ಲ. ಅದು ಅಂದಾಜಿನ ಬದಲಾವಣೆ. ಹೊರೆಯನ್ನು ಹೊಸ ತ್ರೈಮಾಸಿಕವೇ ಹೊರಬೇಕು, ಮೊತ್ತ ದೊಡ್ಡದಾದರೆ ಟಿಪ್ಪಣಿಯಲ್ಲಿ ತಿಳಿಸಬೇಕು. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನಗಳೊಳಗೆ ಹಣ ಪಾವತಿಯಾಗದಿದ್ದರೆ ವಾರ್ಷಿಕ ಶೇ. 15ರ ಬಡ್ಡಿ ತಗಲುತ್ತದೆ. ರೈತರ ಬಾಕಿ ಬೆಟ್ಟದಷ್ಟಿದ್ದೂ ಈ ಬಡ್ಡಿ ಲೆಕ್ಕದಲ್ಲಿ ಕಾಣದಿದ್ದರೆ ಓದುಗನು ಹುಬ್ಬೇರಿಸಬೇಕು.

ಇನ್ನು ಕ್ರೋಡೀಕರಣ. ಮೊದಲನೆಯ ಪ್ರಶ್ನೆ, ಕುಟುಂಬದಲ್ಲಿ ಯಾರಿದ್ದಾರೆ ಎಂಬುದು. ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯನ್ನು ಐ.ಸಿ.ಎಲ್. ಶುಗರ್ಸ್ ಎಂದು ಕರೆಯುತ್ತಿದ್ದ ದಿನಗಳಲ್ಲಿ ಅದು ಚೆನ್ನೈನ ಇಂಡಿಯಾ ಸಿಮೆಂಟ್ಸ್ ಸಮೂಹದ್ದೆಂದು ನಮಗೆಲ್ಲ ಗೊತ್ತಿತ್ತು. ಆದರೆ ಲೆಕ್ಕಶಾಸ್ತ್ರಕ್ಕೆ "ಸಮೂಹದ್ದು" ಎಂಬ ಮಾತು ಸಾಲದು. ಹತೋಟಿ ಇದ್ದರೆ ಅದು ಅಂಗಸಂಸ್ಥೆ. ಅದರ ಮಾರಾಟ, ಸಾಲ, ದಾಸ್ತಾನು ಎಲ್ಲವೂ ಸಾಲುಸಾಲಾಗಿ ಸೇರುತ್ತವೆ. ಹತೋಟಿಯಿಲ್ಲದೆ ಗಣನೀಯ ಪ್ರಭಾವ ಮಾತ್ರ ಇದ್ದರೆ, ಸಾಮಾನ್ಯವಾಗಿ ಶೇ. 20 ಅಥವಾ ಹೆಚ್ಚಿನ ಮತಾಧಿಕಾರವಿದ್ದರೆ, ಅದು ಸಹವರ್ತಿ ಸಂಸ್ಥೆ. ಲಾಭದ ಪಾಲು ಒಂದೇ ಸಾಲಿನಲ್ಲಿ ಬರುತ್ತದೆ, ಅದರ ಸಾಲ ಕಾಣುವುದೇ ಇಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಅವಧಿಗೆ ನಿರಾಣಿ ಶುಗರ್ಸ್‌ಗೆ ಗುತ್ತಿಗೆ ಕೊಡಲಾಯಿತು. ಸಾಮಾನ್ಯ ತತ್ತ್ವದಂತೆ ಗುತ್ತಿಗೆದಾರನು ಯಂತ್ರ, ಕಟ್ಟಡಗಳನ್ನು ಬಳಸುವ ಹಕ್ಕನ್ನು ಪಡೆಯುತ್ತಾನೆಯೇ ವಿನಾ ಸಹಕಾರ ಸಂಘದ ಮೇಲಿನ ಹತೋಟಿಯನ್ನಲ್ಲ. ಆದ್ದರಿಂದ ಗುತ್ತಿಗೆಯ ಮಾತ್ರದಿಂದ ಸಂಘವು ಅಂಗಸಂಸ್ಥೆಯಾಗದು. ಅದೇ ಚಿಮಣಿಯಿಂದ ಹೊಗೆ ಬಂದರೂ ಹಳೆಯ ಬಾಕಿ ಯಾರ ಪುಸ್ತಕದಲ್ಲಿದೆ, ಹೊಸ ಬಾಕಿ ಯಾರ ಪುಸ್ತಕದಲ್ಲಿದೆ ಎಂಬುದನ್ನು ಸರಬರಾಜುದಾರನು ಒಪ್ಪಂದ ನೋಡಿಯೇ ತಿಳಿಯಬೇಕು.

ಎರಡನೆಯದು, ಒಳವ್ಯವಹಾರದ ಲಾಭವನ್ನು ತೆಗೆದುಹಾಕುವುದು. ನಮ್ಮ ಊಹೆಯ ಸಕ್ಕರೆ ಕಂಪನಿ ಟನ್ನಿಗೆ ₹8,000 ವೆಚ್ಚದ 1,000 ಟನ್ ಕಾಕಂಬಿಯನ್ನು ತನ್ನ ಡಿಸ್ಟಿಲರಿಗೆ ₹10,000ದಂತೆ ಮಾರಿತೆನ್ನಿ. ಅದರಲ್ಲಿ 400 ಟನ್ ಡಿಸೆಂಬರ್ 31ರಂದು ಡಿಸ್ಟಿಲರಿಯ ತೊಟ್ಟಿಯಲ್ಲಿಯೇ ಉಳಿದಿದೆ. ಪ್ರತ್ಯೇಕ ತಖ್ತೆಯಲ್ಲಿ ₹20 ಲಕ್ಷ ಲಾಭವಿದ್ದರೂ ಕ್ರೋಡೀಕೃತ ತಖ್ತೆಯಲ್ಲಿ ₹8 ಲಕ್ಷವನ್ನು ಕಳೆಯಬೇಕು. ಬಲಗೈಯಿಂದ ಎಡಗೈಗೆ ಕೊಟ್ಟದ್ದು ಗಳಿಕೆಯಲ್ಲ. ವರ್ಷಕ್ಕೊಮ್ಮೆ ಮಾರ್ಚಿಯಲ್ಲಿ ಮಾತ್ರ ಇದನ್ನು ಮಾಡಿ ತ್ರೈಮಾಸಿಕಗಳಲ್ಲಿ ಕೈಬಿಡುವವರನ್ನು ನಾನು ಕಂಡಿದ್ದೇನೆ. ಅದು ತಪ್ಪು.

ಆದಾಯ ತೆರಿಗೆಯನ್ನು ಇಡೀ ವರ್ಷದ ಅಂದಾಜು ಸರಾಸರಿ ದರದಲ್ಲಿ ಲೆಕ್ಕ ಹಾಕಬೇಕು. ನಮ್ಮಲ್ಲಿ ಪ್ರತಿ ಕಂಪನಿಗೂ ತೆರಿಗೆ ಪ್ರತ್ಯೇಕವಾದುದರಿಂದ ಒಂದರ ನಷ್ಟ ಮತ್ತೊಂದರ ತೆರಿಗೆಯನ್ನು ತಗ್ಗಿಸದು.

ಮೂರನೆಯದು ಸಣ್ಣ ಉದ್ಯಮಿಗಳನ್ನು ನೇರವಾಗಿ ತಟ್ಟುವಂಥದ್ದು: ಏಕರೂಪದ ನೀತಿ. ನಾಗಮಂಗಲದಲ್ಲಿ ಕೊಬ್ಬರಿ ಎಣ್ಣೆ ತೆಗೆಯುವ ಒಂದು ಖಾಸಗಿ ಕಂಪನಿಯ ಶೇ. 51 ಷೇರುಗಳನ್ನು ನೋಂದಾಯಿತ ಕಂಪನಿಯೊಂದು ಕೊಂಡಿತೆಂದು ಭಾವಿಸಿ. ಇವರು ಕೊಬ್ಬರಿಯ ದಾಸ್ತಾನನ್ನು ಮೊದಲು ಬಂದದ್ದು ಮೊದಲು ಹೋಯಿತೆಂಬ ಕ್ರಮದಲ್ಲಿ ಅಳೆಯುತ್ತಿದ್ದು, ಮಾತೃಸಂಸ್ಥೆ ಅಂಥದೇ ಸರಕಿಗೆ ಸರಾಸರಿ ಕ್ರಮ ಅನುಸರಿಸುತ್ತಿದ್ದರೆ, ಪ್ರತಿ ತ್ರೈಮಾಸಿಕವೂ ಅದನ್ನು ಹೊಂದಿಸಿ ಕೊಡಬೇಕಾಗುತ್ತದೆ. (ಸವಕಳಿಯ ವಿಧಾನ ಮಾತ್ರ ಈಗ ನೀತಿಯಲ್ಲ, ಅಂದಾಜು; ನಮ್ಮ ವೃತ್ತಿಯವರೂ ಕೆಲವೊಮ್ಮೆ ಇಲ್ಲಿ ಎಡವುತ್ತಾರೆ.) ಅದಕ್ಕಿಂತ ದೊಡ್ಡ ವಿಚಾರವೆಂದರೆ, ಇಂಡ್ ಎಎಸ್ ಅನುಸರಿಸಬೇಕಾದ ಕಂಪನಿಯ ಅಂಗಸಂಸ್ಥೆ ಅಥವಾ ಸಹವರ್ತಿ ಕಂಪನಿಯೂ, ಗಾತ್ರ ಎಷ್ಟೇ ಚಿಕ್ಕದಾಗಿರಲಿ, ಇಂಡ್ ಎಎಸ್ ವ್ಯಾಪ್ತಿಗೆ ಬರುತ್ತದೆ. ಷೇರಿನ ಬೆಲೆ ಚೌಕಾಸಿ ಮಾಡುವ ದಿನ ಯಾರೂ ಇದನ್ನು ಪ್ರಸ್ತಾಪಿಸುವುದಿಲ್ಲ. ಆಮೇಲೆ ಮೂರು ತಿಂಗಳಿಗೊಮ್ಮೆ, ಅದೂ ಎರಡು ಮೂರು ವಾರಗಳೊಳಗೆ, ಲೆಕ್ಕ ಮುಗಿಸಿ ಕಳುಹಿಸಬೇಕಾಗಿ ಬಂದಾಗ ಒಬ್ಬನೇ ಗುಮಾಸ್ತನಿರುವ ಕಚೇರಿ ಕಂಗೆಡುತ್ತದೆ. ಈ ವೆಚ್ಚ ಯಾರದು ಎಂಬುದನ್ನು ಒಪ್ಪಂದದಲ್ಲಿಯೇ ಬರೆಯಿಸಿಕೊಳ್ಳುವುದು ಮೇಲು.

ಯಾವ ಸಮೂಹಕ್ಕೂ ಸೇರದ ಖಾಸಗಿ ಕಂಪನಿಗಳಿಗೂ ಮೂರು ತಿಂಗಳ ಶಿಸ್ತು ತಪ್ಪಿದ್ದಲ್ಲ. ಚಾಲ್ತಿ ಆಸ್ತಿಗಳ ಭದ್ರತೆಯ ಮೇಲೆ ಬ್ಯಾಂಕ್ ಸಾಲ ಪಡೆದಿದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ವಿವರಗಳು ಪುಸ್ತಕದೊಡನೆ ತಾಳೆಯಾಗುತ್ತವೆಯೇ ಎಂಬುದನ್ನು 2021ರ ಏಪ್ರಿಲ್‌ನಿಂದ ವಾರ್ಷಿಕ ತಖ್ತೆಯ ಟಿಪ್ಪಣಿಯಲ್ಲಿ ತಿಳಿಸಬೇಕಾಗಿದೆ. ಬ್ಯಾಂಕಿಗೊಂದು ದಾಸ್ತಾನು, ಪುಸ್ತಕಕ್ಕೊಂದು ದಾಸ್ತಾನು ಎಂಬ ಹಳೆಯ ಅಭ್ಯಾಸ ಇನ್ನು ನಡೆಯದು.

ಚೀಲದ ವರ್ತಕರ ತುಣುಕಿಗೆ ಮರಳೋಣ. ಅಡಿಟಿಪ್ಪಣಿಗಳನ್ನು ಓದಿದಾಗ ಎರಡು ಸಂಗತಿಗಳು ತಿಳಿದವು. ಹಂಗಾಮಿಲ್ಲದ ಕಾಲದ ವೆಚ್ಚದ ಒಂದು ಭಾಗವನ್ನು ಮುಂದೂಡಲಾಗಿತ್ತು. ಮುಂದೂಡದಿದ್ದರೆ ಪ್ರತ್ಯೇಕ ಸಾಲಿನ ನಷ್ಟ ಇನ್ನೂ ಆಳವಾಗುತ್ತಿತ್ತು. ಕ್ರೋಡೀಕೃತ ಲಾಭವಾದರೋ ಬಹುಪಾಲು ಬೇರೊಂದು ಅಂಗಸಂಸ್ಥೆಯದು. ಇವರಿಗೆ ಆರ್ಡರು ಕೊಟ್ಟದ್ದು ಮಾತ್ರ ನಷ್ಟದಲ್ಲಿದ್ದ ಮಾತೃಸಂಸ್ಥೆ. ಕಾನೂನಿನ ದೃಷ್ಟಿಯಲ್ಲಿ ಪ್ರತಿ ಕಂಪನಿಯೂ ಪ್ರತ್ಯೇಕ ವ್ಯಕ್ತಿ; ಅಂಗಸಂಸ್ಥೆಯ ಬ್ಯಾಂಕ್ ಖಾತೆಯಲ್ಲಿರುವ ಹಣವನ್ನು, ಅದು ಲಾಭಾಂಶವಾಗಿ ಮೇಲೆ ಬರುವವರೆಗೆ, ಮಾತೃಸಂಸ್ಥೆಯ ಸಾಲಗಾರನು ಕೇಳುವಂತಿಲ್ಲ. ಕ್ರೋಡೀಕೃತ ತಖ್ತೆಯ ಮೇಲೆ ಯಾರೂ ದಾವಾ ಹೂಡಲಾಗದು.

ಎರಡನೆಯ ಕಂತನ್ನು ಅವರು ಮುಂಗಡ ಪಡೆದು ಕಳುಹಿಸಿದರು. ಮೊದಲ ಕಂತಿನ ಹಣ ಬರಲು ಹನ್ನೊಂದು ತಿಂಗಳು ಹಿಡಿಯಿತು.