ಅಂಕಿಗಳ ಮಾಲೆ

ಮಕ್ಕಳೇ, ‘ಕನಕ’, ‘ಗದಗ’, ‘ಕಿಟಕಿ’ ಈ ಪದಗಳನ್ನು ಹಿಂದಿನಿಂದ ಓದಿರಿ. ಮುಂದಿನಿಂದ ಓದಿದಂತೆಯೇ ಬರುತ್ತವೆ, ಅಲ್ಲವೇ? ಸಂಖ್ಯೆಗಳಲ್ಲಿಯೂ ಇಂಥವುಗಳಿವೆ. 121, 15151 ಇವುಗಳನ್ನು ನೋಡಿರಿ. ಈಗ ಒಂದು ದೊಡ್ಡ ಸಂಖ್ಯೆ: 12345654321. ಓದಬಲ್ಲಿರಾ? ಒಂದು ಸಾವಿರದ ಎರಡು ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು!

ದಸರೆಗೆ ದತ್ತವಾಡದ ಮನೆಗಳ ಬಾಗಿಲಿಗೆ ಚೆಂಡುಹೂವಿನ ಮಾಲೆ ಕಟ್ಟುತ್ತಾರೆ. ತುದಿಗಳಿಗೆ ಚಿಕ್ಕ ಹೂ, ನಡುವೆ ದೊಡ್ಡ ಹೂ ಪೋಣಿಸಿದರೆ ಆ ಮಾಲೆ ಯಾವ ತುದಿಯಿಂದ ನೋಡಿದರೂ ಒಂದೇ. ಈ ಸಂಖ್ಯೆಯೂ ಹಾಗೆಯೇ ಇದೆ. 1ರಿಂದ 6ರವರೆಗೆ ಏರುತ್ತದೆ, ಮತ್ತೆ 1ರವರೆಗೆ ಇಳಿಯುತ್ತದೆ.

ಇದನ್ನು ಸುಮಾರು ಇ.ಸ. 850ರಲ್ಲಿಯೇ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಹೇಳಿದ್ದಾರೆ. ಆಗ ಕನ್ನಡ ನಾಡನ್ನು ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಅವನ ರಾಜಧಾನಿ ಮಾನ್ಯಖೇಟ. ಅದೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಎರಡೂ ಕಡೆಯಿಂದ ಒಂದೇ ಆಗಿ ಕಾಣುವ ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳಿನ ಆಭರಣಕ್ಕೆ ಹೋಲಿಸಿದರು. ಲೆಕ್ಕದ ಪುಸ್ತಕದಲ್ಲಿ ಆಭರಣ! ನನಗಂತೂ ಈ ಹೋಲಿಕೆ ಬಹಳ ಹಿಡಿಸಿತು.

ಅವರು ಕೊಟ್ಟ ಲೆಕ್ಕ ಹೀಗಿದೆ: 27994681 × 441. ಗುಣಿಸಿದರೆ ನಮ್ಮ ಮಾಲೆಯೇ ಬರುತ್ತದೆ. ಇದರ ಗುಟ್ಟೇನು? 441 ಎಂದರೆ 21 × 21. 27994681 ಎಂದರೆ 5291 × 5291. ಇನ್ನು 21 × 5291 ಗುಣಿಸಿರಿ. 111111 ಬರುತ್ತದೆ. ಅಂದರೆ ಇಡೀ ಲೆಕ್ಕವು 111111 × 111111 ಅಷ್ಟೇ.

ಒಂದರಿಂದ ಮಾಲೆ ಹೇಗೆ ಆಗುತ್ತದೆ? ಸಣ್ಣ ಲೆಕ್ಕದಿಂದ ತಿಳಿಯೋಣ. 111 × 111 ಮಾಡುವಾಗ 111, 1110, 11100 ಇವುಗಳನ್ನು ಒಂದರ ಕೆಳಗೊಂದು ಬರೆದು ಕೂಡಿಸುತ್ತೇವೆ. ಬಿಡಿ ಸ್ಥಾನದಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು. ಮುಂದೆ ಮತ್ತೆ ಎರಡು, ಕೊನೆಗೆ ಒಂದು. ಉತ್ತರ 12321. ಆರು 1 ಇದ್ದರೆ ನಡುವೆ 6 ಬರುವುದು ಇದಕ್ಕಾಗಿಯೇ.

ಒಂಬತ್ತು 1 ಇರುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 12345678987654321 ಬರುತ್ತದೆ. ಹದಿನೇಳು ಅಂಕಿಗಳು! ಸಾದಾ ಕ್ಯಾಲ್ಕುಲೇಟರಿನ ಪರದೆಯಲ್ಲಿ ಇದು ಹಿಡಿಸುವುದಿಲ್ಲ, ಕಾಗದದ ಮೇಲೆಯೇ ಮಾಡಬೇಕು. ಹಾಗಾದರೆ ಹತ್ತು 1 ಇದ್ದರೆ? ಇನ್ನೂ ಉದ್ದನೆಯ ಮಾಲೆ ಬರುವುದೆಂದು ನೀವು ಹೇಳಬಹುದು. ತಡೆಯಿರಿ! ನಡುವಿನ ಸ್ಥಾನದಲ್ಲಿ ಈಗ ಹತ್ತು 1ಗಳಿವೆ. 0 ಬರೆದು 1ನ್ನು ಕೈಯಲ್ಲಿ ಹಿಡಿಯಬೇಕು. ಅದು ಎಡಗಡೆಯ 9ಕ್ಕೆ ಸೇರಿ ಅಲ್ಲಿಯೂ 10 ಆಗುತ್ತದೆ. ಅಲ್ಲಿಂದ ಮತ್ತೆ 1 ಮುಂದಕ್ಕೆ ಹೋಗಿ 8ನ್ನು 9 ಮಾಡುತ್ತದೆ. ಉತ್ತರ 1234567900987654321. ಹಿಂದಿನಿಂದ ಓದಿ ನೋಡಿರಿ. ಮಾಲೆ ಹರಿಯಿತು!

ಅಭ್ಯಾಸ

1. 139 × 109 ಗುಣಿಸಿರಿ. ಇದೂ ಆಚಾರ್ಯರು ಕೊಟ್ಟ ಲೆಕ್ಕವೇ.
2. 12345654321ರ ಎಲ್ಲ ಅಂಕಿಗಳನ್ನು ಕೂಡಿಸಿರಿ. ಈ ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದೇ?
3. 1221, 4774 ಇವುಗಳನ್ನು 11ರಿಂದ ಭಾಗಿಸಿರಿ. 131ನ್ನೂ ಭಾಗಿಸಿ ನೋಡಿರಿ. ಏನು ವ್ಯತ್ಯಾಸ ಕಂಡಿತು?